ಲೆಟ್ ಅಂದರೆ ಬಿಡು

ಮೊನ್ನೆ ಆಧಾರ್ ಕಾರ್ಡ್ ಹುಡುಕಲೆಂದು ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿದೆ. ಸಿಕ್ಕಿದ್ದು ಮೂಲೆ ಕತ್ತರಿಸಿ ರದ್ದು ಮಾಡಿದ ನನ್ನ ಹಳೆಯ ಪಾಸ್‌ಪೋರ್ಟ್. ಹುಡುಕಿದ್ದು ಸಿಗದೆ ಹುಡುಕದ್ದು ಸಿಗುವ ಯೋಗ ನನ್ನ ಜಾತಕದಲ್ಲಿ ಬಲವಾಗಿದೆ. ಫೋಟೋದಲ್ಲಿರುವ ಹೆಂಗಸು ಸರ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳೆ. ಪಾಸ್‌ಪೋರ್ಟ್ ಫೋಟೋದಲ್ಲಿ ಚೆನ್ನಾಗಿ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಪರಿಚಯ ಮಾಡಿಸಿ. ಪುಟಗಳ ತುಂಬ ಒಮಾನಿನ ವೀಸಾಗಳು, ಮಸ್ಕತ್ ವಿಮಾನ ನಿಲ್ದಾಣದ ಮೊಹರುಗಳು. ಆಧಾರ್ ಕಾರ್ಡನ್ನು ಮರೆತು ನೆಲದ ಮೇಲೇ ಕೂತೆ.

ಪಾಸ್‌ಪೋರ್ಟಿನ ಒಳಬದಿಯಲ್ಲಿ ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ವಾಕ್ಯ ಅಚ್ಚಾಗಿರುತ್ತದೆ. ನಿಮ್ಮದರಲ್ಲೂ ಇದೆ, ನೀವು ಓದಿಲ್ಲ ಅಷ್ಟೆ. ಇದನ್ನು ಹಿಡಿದು ಬಂದವರು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಓಡಾಡಲು ಅವಕಾಶ ಕೊಡಿ ಎಂದು ಸಂಬಂಧಪಟ್ಟ ಎಲ್ಲರಿಗೂ ಅದರಲ್ಲಿ ಕೋರಿಕೆ. ಹಿಂಡ್ರೆನ್ಸ್ ಎಂದರೆ ಅಡ್ಡಿ, ಸರಿ. ಆದರೆ ಲೆಟ್? ಲೆಟ್ ಅಂದರೆ ಬಿಡು ಎಂದು ಮೈಸೂರಿನ ನಮ್ಮ ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದ್ದರು. ಬಿಡದೆ ಓಡಾಡಲು ಬಿಡಿ ಎಂದರೆ ಏನು ತಲೆಬುಡ?

ಈ ಒಗಟನ್ನು ನನಗೆ ಬಿಡಿಸಿ ಹೇಳಿದವರು ಮಸ್ಕತ್‌ನಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಸ್ಯಾಕ್ಸನ್ ಸಾಹೇಬರು. ಹಿಂದೆ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಪದಗಳಿದ್ದವಂತೆ. ಒಂದರ ಅರ್ಥ ಬಿಡು, ಇನ್ನೊಂದರ ಅರ್ಥ ತಡೆ. ಶತಮಾನಗಟ್ಟಲೆ ಜನರ ಬಾಯಲ್ಲಿ ಸವೆದು ಸವೆದು ಎರಡೂ ಒಂದೇ ಆಗಿಬಿಟ್ಟವು. ‘ತಡೆ’ ಎನ್ನುವ ಅರ್ಥ ಈಗ ಪಾಸ್‌ಪೋರ್ಟಿನಲ್ಲಿ ಮತ್ತು ಟೆನಿಸ್ ಅಂಗಳದಲ್ಲಿ ಮಾತ್ರ ಉಸಿರಾಡುತ್ತಿದೆ. ಇದನ್ನು ಕೇಳಿದಾಗ ನಾನು ನಕ್ಕಿದ್ದೆ. ಬಿಡುವುದಕ್ಕೂ ತಡೆಯುವುದಕ್ಕೂ ಒಂದೇ ಪದ ಇಟ್ಟುಕೊಂಡ ಜನ ಲೋಕವನ್ನು ಹೇಗೆ ಆಳಿದರಪ್ಪ ಎಂದು. ಆ ಪದ ಒಂದು ದಿನ ನನ್ನ ಕಣ್ಣೆದುರಿಗೇ ಒಬ್ಬರ ಬದುಕಿಗೆ ಕೈಹಾಕುತ್ತದೆಂದು ಆಗ ಗೊತ್ತಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ಎಣ್ಣೆ ಬಾವಿಗಳಿಗೆ ಪಂಪು, ವಾಲ್ವು ಒದಗಿಸುವ ಒಂದು ಕಂಪನಿಯಲ್ಲಿ. ಅವನ್ನು ಹೇಗೆ ನಡೆಸಬೇಕು, ಹೇಗೆ ನಿಲ್ಲಿಸಬೇಕು ಎಂಬ ಕೈಪಿಡಿಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. ನಮ್ಮನೆಯ ಮಿಕ್ಸಿ ಕೆಟ್ಟರೆ ಅದಕ್ಕೆ ಎರಡು ಗುದ್ದು ಕೊಡುವುದಷ್ಟೇ ನನಗೆ ಗೊತ್ತಿದ್ದ ಯಂತ್ರವಿದ್ಯೆ. ಆದರೆ ಇಂಗ್ಲಿಷ್ ಇತ್ತಲ್ಲ! ನಮ್ಮ ವಿಭಾಗದ ಮುಖ್ಯಸ್ಥರು ಇಂಗ್ಲೆಂಡಿನ ಉತ್ತರದ ಯಾವುದೋ ಹಳ್ಳಿಯವರು. ನಾನು ಬರೆದ ಮೊದಲ ಕೈಪಿಡಿ ಅವರ ಮೇಜಿನಿಂದ ಮೈತುಂಬ ಕೆಂಪು ಮಾಡಿಕೊಂಡು ವಾಪಸು ಬಂತು. ‘ಕಮೆನ್ಸ್’ ಹೊಡೆದು ‘ಬಿಗಿನ್’, ‘ಟರ್ಮಿನೇಟ್’ ಹೊಡೆದು ‘ಎಂಡ್’, ‘ಸಫಿಶಿಯೆಂಟ್’ ಹೊಡೆದು ‘ಇನಫ್’. “ನಿಮ್ಮ ಉದ್ದುದ್ದ ಪದಗಳನ್ನೆಲ್ಲ ತಂದವರು ಫ್ರೆಂಚ್ ದೊರೆಗಳು ಮತ್ತು ಪಾದ್ರಿಗಳು. ನನಗೆ ನನ್ನಜ್ಜಿಯ ಪದ ಬೇಕು” ಎಂದರು. ಅಜ್ಜಿಯ ಪದ ಎಂದರೆ ಆಂಗ್ಲೋ-ಸ್ಯಾಕ್ಸನ್ನರ ಪದ. ಮನೆ, ನೀರು, ರೊಟ್ಟಿ, ಹಾಲು, ತಿನ್ನು, ಮಲಗು, ಸಾವು, ಇವೆಲ್ಲಕ್ಕೂ ಇಂಗ್ಲಿಷಿನಲ್ಲಿರುವುದು ಆ ಜನ ತಂದ ಗಿಡ್ಡ ಪದಗಳೇ. ಸುಳ್ಳು ಹೇಳುವವನಿಗೆ ಉದ್ದ ಪದ ಬೇಕು, ನಿಜ ಹೇಳುವವನಿಗೆ ಗಿಡ್ಡದೇ ಸಾಕು ಎನ್ನುವುದು ಅವರ ಸಿದ್ಧಾಂತ. ‘ಸತ್ತರು’ ಎನ್ನಲು ಬಾಯಿ ಬರದೆ ‘ದಿವಂಗತರಾದರು’ ಎನ್ನುವ ನಾಡಿನಿಂದ ಹೋದ ನನಗೆ ಇದು ಅರ್ಥವಾಗದೆ ಇರಲಿಲ್ಲ.

ಆದರೂ ಅವಮಾನ ಅವಮಾನವೇ. ಒಂದು ದಿನ ನನ್ನ ಮೇಲ್‌ನಲ್ಲಿದ್ದ ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ನೋಡಿ ಅವರು ಮುಸಿಮುಸಿ ನಕ್ಕರು. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ನಿಘಂಟು ಜಾಲಾಡಿ ಬೆಳಿಗ್ಗೆ ಅವರ ಮುಂದೆ ನಿಂತೆ. “ಕೈಂಡ್ಲಿ, ಡೂ, ದಿ, ನೀಡ್‌ಫುಲ್. ನಾಲ್ಕಕ್ಕೆ ನಾಲ್ಕೂ ನಿಮ್ಮಜ್ಜಿಯ ಪದಗಳೇ ಸರ್. ಒಂದೂ ಫ್ರೆಂಚಿನದ್ದಲ್ಲ!” ಅವರು ಯೋಚಿಸಿದರು, ಬೆರಳು ಮಡಿಚಿದರು, ಕೊನೆಗೆ ಎದ್ದು ನಿಂತು ನನ್ನ ಕೈ ಕುಲುಕಿದರು. ನಾನು ಅವರಿಗೆ ಸ್ಯಾಕ್ಸನ್ ಸಾಹೇಬರು ಎಂದು ಹೆಸರಿಟ್ಟದ್ದು ಅವತ್ತೇ.

ಈ ಹೆಸರು ಅತ್ಯಂತ ಹಿಡಿಸಿದ್ದು ಶೇಖರಣ್ಣನಿಗೆ. ಅವರು ಮಂಗಳೂರು ಕಡೆಯವರು, ಮನೆಮಾತು ತುಳು. ನಮ್ಮ ವಿಭಾಗದ ನಕ್ಷೆಗಳಿಗೆಲ್ಲ ನಂಬರು ಹಾಕಿ, ಪ್ರಿಂಟು ತೆಗೆದು, ಸೈಟಿಗೆ ಕಳಿಸುವವರು. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ದೊಡ್ಡವರಾದರೂ ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು. ನಮ್ಮ ಮನೆ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ, ಅವರದು ಮತ್ರಾದ ಗಲ್ಲಿಯೊಂದರಲ್ಲಿ. ದಿನಾ ಸಂಜೆ ಅವರ ಕಾರಿನಲ್ಲಿ ನಾನು ಮನೆ ಸೇರುವುದು, ದಾರಿಯುದ್ದಕ್ಕೂ ಸಾಹೇಬರು ಅಂದು ಹೇಳಿದ ಕತೆಯನ್ನು ಅವರಿಗೆ ದಾಟಿಸುವುದು ರೂಢಿಯಾಗಿತ್ತು.

“ರೋಮಿನವರು ಬಿಟ್ಟು ಹೋದಮೇಲೆ ಬ್ರಿಟನ್ನಿನ ಒಬ್ಬ ರಾಜನಿಗೆ ವೈರಿಗಳ ಕಾಟ ಜಾಸ್ತಿ ಆಯ್ತಂತೆ. ಸಮುದ್ರದಾಚೆಯಿಂದ ಕೂಲಿಗೆ ಹೊಡೆದಾಡೋರನ್ನ ಕರೆಸಿದ. ಇಬ್ಬರು ಅಣ್ಣತಮ್ಮಂದಿರು ಮೂರು ದೋಣಿ ಕಟ್ಟಿಕೊಂಡು ಬಂದ್ರು. ಒಬ್ಬನ ಹೆಸರಿಗೆ ಗಂಡುಕುದುರೆ ಅಂತ ಅರ್ಥ, ಇನ್ನೊಬ್ಬನದಕ್ಕೆ ಬರೀ ಕುದುರೆ. ಕತೆ ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ವಂತೆ.”

“ಆಮೇಲೆ?”

“ಆಮೇಲೇನು, ನೆಲ ಚೆನ್ನಾಗಿದೆ ಅಂತ ಊರಿಗೆ ಹೇಳಿಕಳಿಸಿದ್ರು. ನೆಂಟರೆಲ್ಲ ಬಂದ್ರು. ವಾಪಸು ಹೋಗ್ಲೇ ಇಲ್ಲ. ಅಲ್ಲೇ ಇದ್ದ ಜನಾನ ‘ವೆಲ್ಷ್’ ಅಂದ್ರು. ಹಾಗಂದ್ರೆ ಪರದೇಶಿ ಅಂತ!”

ಶೇಖರಣ್ಣ ಸಿಗ್ನಲ್ಲಿನಲ್ಲಿ ನನ್ನ ಕಡೆ ತಿರುಗಿ ಕೂತರು. “ಎಂತ ಹೇಳ್ತೀರಿ ಮಾರಾಯ್ರೆ! ಕೆಲಸಕ್ಕೆ ಬಂದವರು ಊರಿನವರನ್ನೇ ಪರದೇಶಿ ಹೇಳುದಾ? ಅವರಿಗೆ ವೀಸಾ ಕೊಟ್ಟ ಕಫೀಲ್ ಇರ್ಲಿಲ್ವಾ? ವೀಸಾ ಕ್ಯಾನ್ಸಲ್ ಮಾಡ್ಲಿಕ್ಕೆ ಯಾರೂ ಇರ್ಲಿಲ್ವಾ?” ಹಿಂದಿನ ಗಾಡಿಯವರು ಹಾರ್ನ್ ಹೊಡೆಯುವವರೆಗೂ ನಾವಿಬ್ಬರೂ ನಗುತ್ತಿದ್ದೆವು.

ಆಮೇಲೆ ಎಣ್ಣೆಯ ಬೆಲೆ ಬಿತ್ತು. ನಗು ನಿಂತಿತು.

ಬೆಲೆ ಬೀಳುವುದು ಟೀವಿಯಲ್ಲಿ ಕಾಣುವ ಕೆಂಪು ಗೆರೆ ಎಂದುಕೊಂಡಿದ್ದೆ. ಅದು ನಮ್ಮ ಮನೆಗೇ ಬಂತು. ನನ್ನ ಗಂಡ ದೂರದ ಬಂದರು ಊರು ದುಕ್ಮ್‌ನ ಒಂದು ಕಟ್ಟಡದ ಕೆಲಸದಲ್ಲಿ ಇಂಜಿನಿಯರ್ ಆಗಿದ್ದರು. ಆ ಕೆಲಸ ಅರ್ಧಕ್ಕೇ ನಿಂತು, ಅವರು ಒಂದು ಸೂಟ್‌ಕೇಸ್, ಒಂದು ಹೆಲ್ಮೆಟ್ ಹಿಡಿದು ಮನೆಗೆ ಬಂದರು. ಲಾರ್ಡ್ ಎಂಬ ಪದಕ್ಕೆ ಮೂಲದಲ್ಲಿ ರೊಟ್ಟಿ ಕಾಯುವವನು ಎಂದರ್ಥ, ಲೇಡಿ ಎಂದರೆ ಹಿಟ್ಟು ನಾದುವವಳು ಎಂದು ಸಾಹೇಬರು ಹೇಳಿದ್ದರು. ಆಳಿಗೆ ‘ರೊಟ್ಟಿ ತಿನ್ನುವವನು’ ಎಂದೇ ಹೆಸರಂತೆ. ಅವರ ಉಪ್ಪು ತಿಂದಿದ್ದೇವೆ ಎನ್ನುವ ನಮಗೆ ಇದೇನು ಹೊಸತಲ್ಲ. ಅಂತೂ ಸಂಜೆ ನಾನು ಮನೆಗೆ ಹೋದಾಗ ನನ್ನ ಗಂಡ ಚಪಾತಿ ಹಿಟ್ಟು ನಾದುತ್ತಿರುತ್ತಿದ್ದರು. “ಬನ್ನಿ ಲಾರ್ಡ್” ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಮಾತ್ರ, ಕಾಯುವ ರೊಟ್ಟಿಯೇ ಕೈತಪ್ಪಿದರೆ ಏನು ಎಂಬ ಹೆದರಿಕೆ.

ನಮ್ಮ ಆಫೀಸಿನಲ್ಲಿ ಗುರುವಾರವೆಂದರೆ ಎಲ್ಲರಿಗೂ ಜ್ವರ. ಒಮಾನಿನಲ್ಲಿ ವಾರದ ಕೊನೆಯ ಕೆಲಸದ ದಿನ ಅದೇ. ಗುರುವಾರ ಊಟವಾದ ಮೇಲೆ ಯಾರದಾದರೂ ಮೇಜಿನ ಫೋನು ರಿಂಗಾಗುತ್ತಿತ್ತು. ಅವರು ಎದ್ದು ಮೇಲಿನ ಮಹಡಿಯ ಎಚ್.ಆರ್. ಕೋಣೆಗೆ ಹೋಗುತ್ತಿದ್ದರು. ಭಾನುವಾರ ಅವರ ಕುರ್ಚಿ ಖಾಲಿ. ಎಚ್.ಆರ್.ನಿಂದ ಬರುತ್ತಿದ್ದ ಮೇಲ್‌ಗಳ ತುಂಬ ‘ರ್‍ಯಾಶನಲೈಸೇಶನ್’, ‘ರೀಸ್ಟ್ರಕ್ಚರಿಂಗ್’, ‘ರಿಡಂಡೆನ್ಸಿ’. “ಕತ್ತು ಕೊಯ್ಯುವುದಕ್ಕೂ ಫ್ರೆಂಚ್ ಬೇಕೇ ಇವರಿಗೆ” ಎಂದು ಸಾಹೇಬರು ಗೊಣಗುತ್ತಿದ್ದರು. ತಮ್ಮ ವಿಭಾಗದವರಿಗೆ ಏನು ಹೇಳುವುದಿದ್ದರೂ ತಾವೇ ಹೇಳುವುದಾಗಿ ಎಚ್.ಆರ್.ನವರಿಗೆ ತಿಳಿಸಿದ್ದರಂತೆ. ಜನ ತಮ್ಮ ಕಪ್ಪು, ಮಕ್ಕಳ ಫೋಟೋ, ದೇವರ ಪಟಗಳನ್ನು ಸದ್ದಿಲ್ಲದೆ ಮನೆಗೆ ಸಾಗಿಸತೊಡಗಿದರು. ನಾನು ಮೇಜಿನ ಕೆಳಗಿದ್ದ ಚಪ್ಪಲಿಯನ್ನು ಒಯ್ದೆ. ಕರೆ ಬಂದ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋಗುವ ದೃಶ್ಯ ಕಣ್ಣಿಗೆ ಕಟ್ಟಿತ್ತು.

“ಕೆಲಸದಿಂದ ಸ್ಯಾಕ್ ಮಾಡುವವರಿಗೇ ಸ್ಯಾಕ್ಸನ್ ಹೇಳುದಾ ಅಕ್ಕ?” ಎಂದು ಶೇಖರಣ್ಣ ಒಮ್ಮೆ ಕೇಳಿದರು. ಆಗಲೂ ನಕ್ಕೆವು, ಆದರೆ ಕಾರಿನ ಕಿಟಕಿಗಳು ಮುಚ್ಚಿವೆಯೇ ಎಂದು ನೋಡಿಕೊಂಡು.

ಅವರಿಗೆ ಇನ್ನೂ ಒಂದು ಚಿಂತೆ ಇತ್ತು. ತಿಂಗಳ ಕೊನೆಗೆ ಊರಿನಲ್ಲಿ ಅವರ ತಂಗಿಯ ಮಗಳ ಮದುವೆ. ತಂಗಿಗೆ ಗಂಡನಿಲ್ಲ. “ಸೋದರಮಾವ ಇಲ್ಲದೆ ಧಾರೆ ಎರೆಯುದು ಹೇಗೆ ಅಕ್ಕ? ನಾನು ಹೋಗ್ಲೇಬೇಕು.” ಆದರೆ ಕಂಪನಿ ಎಲ್ಲರ ರಜೆಗಳನ್ನೂ ತಡೆಹಿಡಿದಿತ್ತು. ಶೇಖರಣ್ಣ ಸಾಹೇಬರ ಹತ್ತಿರ ಮತ್ತೆ ಮತ್ತೆ ಕೇಳಿ, “ನೋಡುತ್ತೇನೆ” ಎಂಬ ಉತ್ತರ ತಂದಿದ್ದರು. ಜೊತೆಗೆ ಮಗಳು ಶ್ರಾವ್ಯ ಹತ್ತನೇ ತರಗತಿ. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನೌಕರಿ ಹೋದರೆ ವೀಸಾ ಹೋಗುತ್ತದೆ, ಅಪ್ಪನ ವೀಸಾ ಹೋದರೆ ಮಗಳದೂ ಹೋಗುತ್ತದೆ. ಈ ಮಾತನ್ನು ಅವರು ಬಾಯಿಬಿಟ್ಟು ಆಡುತ್ತಿರಲಿಲ್ಲ, ಗುರುವಾರ ಕಾರು ನಡೆಸುವಾಗ ಮಾತ್ರ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿರುತ್ತಿದ್ದರು.

ಜನವರಿಯ ಒಂದು ಗುರುವಾರ ಊಟವಾದ ಮೇಲೆ ಫೋನು ರಿಂಗಾಯಿತು. ಮೊದಲು ನನ್ನದೇ ಎನಿಸಿ ಕೈ ಚಾಚಿದೆ. ಅದು ಪಕ್ಕದ ಮೇಜಿನದು. ಶೇಖರಣ್ಣ ಅಂಗಿ ಸರಿಮಾಡಿಕೊಂಡು ಸಾಹೇಬರ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ನಾನು ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ, ಅದು ಯಾವ ಪಂಪಿನದೆಂದು ಈಗಲೂ ಹೇಳಲಾರೆ.

ಬಾಗಿಲು ತೆರೆಯಿತು. ಶೇಖರಣ್ಣನ ಮುಖ ಅರಳಿತ್ತು.

“ಬಿಟ್ರು ಮಾರಾಯ್ರೆ! ಸಾಯ್ಬ್ರು ಬಿಟ್ರು!” ಎಂದವರೇ ಹೆಂಡತಿಗೆ ಫೋನು ಹಚ್ಚಿ, “ರೋಹಿಣೀ, ರಜೆ ತಿಕ್ಕ್‌ಂಡ್!” ಎಂದು ರಜೆ ಸಿಕ್ಕಿದ್ದನ್ನು ತುಳುವಿನಲ್ಲಿ ಕೂಗಿ, ಕೆಳಗಿನ ಅಂಗಡಿಗೆ ಓಡಿ ಒಂದು ದೊಡ್ಡ ಡಬ್ಬಿ ಒಮಾನಿ ಹಲ್ವ ತಂದರು. ಕೇಸರಿ, ಏಲಕ್ಕಿ, ಗುಲಾಬಿ ನೀರಿನ ಪರಿಮಳ ಆಫೀಸಿನ ತುಂಬ. ಪ್ರತಿ ಮೇಜಿಗೂ ಹೋಗಿ ಹಂಚಿದರು. ಗುರುವಾರ ಮಧ್ಯಾಹ್ನ ಸಿಹಿ ಹಂಚಿದ ಮನುಷ್ಯನನ್ನು ನಮ್ಮ ಆಫೀಸು ತಿಂಗಳುಗಳಿಂದ ಕಂಡಿರಲಿಲ್ಲ.

“ಏನಂದ್ರು ಶೇಖರಣ್ಣ?” ಎಂದೆ.

“ಪಾಪ, ಒಳ್ಳೇ ಜನ ಅಕ್ಕ. ‘ಐ ಫಾಟ್ ಫಾರ್ ಯು’ ಅಂದ್ರು, ನಿನಗೋಸ್ಕರ ಜಗಳ ಮಾಡಿದೆ ಅಂತ. ‘ಎಂಡ್ ಆಫ್ ದಿ ಮಂತ್, ವೀ ಹ್ಯಾವ್ ಟು ಲೆಟ್ ಯು ಗೋ’ ಅಂದ್ರು. ಕಣ್ಣಲ್ಲಿ ನೀರು ಬಂದಿತ್ತು ಅವರಿಗೆ. ನಾನು ಎರಡೂ ಕೈ ಹಿಡಿದು ಥ್ಯಾಂಕ್ಯೂ ಹೇಳಿದೆ.”

ಬಾಯಲ್ಲಿದ್ದ ಹಲ್ವ ಅಲ್ಲೇ ನಿಂತಿತು. ತಿಂಗಳ ಕೊನೆ, ಮದುವೆಯೂ ತಿಂಗಳ ಕೊನೆ. ಹೋಗಲು ಬಿಡುತ್ತೇವೆ. ಒಂದೊಂದೇ ಪದವನ್ನು ತೆಗೆದು ನೋಡಿದರೆ ಶೇಖರಣ್ಣ ಅರ್ಥಮಾಡಿಕೊಂಡದ್ದರಲ್ಲಿ ಒಂದೂ ತಪ್ಪಿಲ್ಲ. ಒಟ್ಟಿಗೆ ಸೇರಿಸಿದರೆ ಮಾತ್ರ ಅದು ಇಂಗ್ಲಿಷಿನಲ್ಲಿ ನೌಕರಿಯಿಂದ ತೆಗೆಯುವ ಮಾತು. ಅವರು ಡಬ್ಬಿ ಹಿಡಿದು ಮುಂದಿನ ಮೇಜಿಗೆ ಹೋದರು. ತಲೆಯೆತ್ತಿದರೆ ಸಾಹೇಬರು ತಮ್ಮ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ಅವರ ಮುಖ ಸುಣ್ಣದ ಗೋಡೆಯಾಗಿತ್ತು. ನನಗೆ ಒಳಗೆ ಬರುವಂತೆ ಸನ್ನೆ ಮಾಡಿದರು.

“ಅವರಿಗೆ ಅರ್ಥವಾಗಿಲ್ಲ” ಎಂದರು ಬಾಗಿಲು ಮುಚ್ಚಿ. “ನಾನು ಗಿಡ್ಡ ಪದಗಳಲ್ಲಿ ಹೇಳಿದೆ. ಎಷ್ಟು ಸರಳವಾಗಿ ಹೇಳಲು ಸಾಧ್ಯವೋ ಅಷ್ಟು ಸರಳವಾಗಿ. ಅವರು ಧನ್ಯವಾದ ಹೇಳಿದರು.” ಕುರ್ಚಿಗೆ ಒರಗಿದರು. “ಎರಡನೇ ಸಲ ನನ್ನಿಂದ ಹೇಳಲಾಗದು. ನಿಮ್ಮ ಭಾಷೆಯಲ್ಲಿ ನೀವು ಹೇಳುತ್ತೀರಾ?”

ನಿಜ ಹೇಳಬೇಕೆಂದರೆ ಆ ಕ್ಷಣ ನನ್ನೊಳಗೆ ಮೊದಲು ಎದ್ದದ್ದು ಸಮಾಧಾನ. ಇವತ್ತು ನಾನಲ್ಲ. ಅದರ ಹಿಂದೆಯೇ ದುಃಖ ಬಂತು, ಅದರ ಹಿಂದೆ ಸಿಟ್ಟು. ಅಜ್ಜಿಯ ಪದವಂತೆ, ನಿಜದ ಪದವಂತೆ! ನಿಮ್ಮಜ್ಜಿ ನೌಕರಿ ತೆಗೆಯುವುದಕ್ಕೆ ‘ಹೋಗಲು ಬಿಡುತ್ತೇವೆ’ ಎನ್ನುತ್ತಿದ್ದಳೇ? ಎಚ್.ಆರ್.ನವರ ‘ಟರ್ಮಿನೇಟ್’ ಬಂದಿದ್ದರೆ ಶೇಖರಣ್ಣನಿಗೆ ಒಂದೇ ಏಟಿಗೆ ತಿಳಿಯುತ್ತಿತ್ತು. ಆದರೆ ಸಾಹೇಬರು ತಲೆ ತಗ್ಗಿಸಿ ಕೂತಿದ್ದರು. ಬೈಯಲು ಮನಸ್ಸು ಬರಲಿಲ್ಲ.

“ಹೇಳುತ್ತೇನೆ ಸರ್. ಆದರೆ ಬರಿಗೈಯಲ್ಲಿ ಹೇಳಲಾರೆ” ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ನನ್ನ ಕುರ್ಚಿಯೂ ಅಲ್ಲಾಡುತ್ತಿರುವಾಗ ಹೀಗೆ ಮಾತಾಡುವುದು ತರವೇ ಎಂದು ಒಳಗಿನ ಲಾರ್ಡ್ ಗದರಿಸಿದ. ಕೇಳಲಿಲ್ಲ. “ಮದುವೆಗೆ ಹೋಗಲು ಬಿಡಿ. ವಾಪಸು ಬರಲು ಬಿಡಿ. ಮಗಳ ಪರೀಕ್ಷೆ ಮುಗಿಯುವವರೆಗೆ ಇರಲು ಬಿಡಿ. ಮೂರು ಸಲ ಲೆಟ್ ಸರ್. ನಿಮ್ಮಜ್ಜಿಯದೇ ಪದ.”

ಅವರು ನನ್ನನ್ನು ನೋಡಿದರು. ಆಮೇಲೆ ಕೋಟು ಹಾಕಿಕೊಂಡು ಮೇಲಿನ ಮಹಡಿಗೆ ಹೋದರು.

ಕಾಯುವುದಿದೆಯಲ್ಲ, ಅದಕ್ಕಿಂತ ಶಿಕ್ಷೆ ಇನ್ನೊಂದಿಲ್ಲ. ನಾನು ನನ್ನ ಜಾಗದಲ್ಲಿ ಕೂತಿದ್ದೆ. ಶೇಖರಣ್ಣ ಪಕ್ಕದಲ್ಲಿ ವಿಮಾನದ ಟಿಕೆಟ್ ನೋಡುತ್ತ, ಬೆಳಗಿನದು ಒಳ್ಳೆಯದೋ ಸಂಜೆಯದೋ ಎಂದು ನನ್ನನ್ನೇ ಕೇಳುತ್ತಿದ್ದರು. “ಟಿಕೆಟ್ ಸಂಜೆ ಮಾಡೋಣ ಶೇಖರಣ್ಣ, ಈಗ್ಲೇ ಬೇಡ” ಎಂದೆ. ಗಡಿಯಾರ ನಡೆಯುತ್ತಿತ್ತೋ ನಿಂತಿತ್ತೋ. ಕೊನೆಗೆ ಸಾಹೇಬರು ಇಳಿದು ಬಂದು, ನನ್ನ ಮೇಜಿನ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದರು: “ಎಕ್ಸ್‌ಟೆನ್ಶನ್ ಆಫ್ ನೋಟಿಸ್ ಆನ್ ಕಂಪ್ಯಾಶನೇಟ್ ಗ್ರೌಂಡ್ಸ್. ಮಾರ್ಚ್ ಕೊನೆಯವರೆಗೆ ಕೆಲಸ ಇರುತ್ತದೆ. ಮದುವೆಯ ರಜೆಯೂ ಸೇರಿ.” ಆಮೇಲೆ ನಾಚಿದವರಂತೆ ಸೇರಿಸಿದರು: “ಅಲ್ಲಿ ಗಿಡ್ಡ ಪದ ನಡೆಯುವುದಿಲ್ಲ. ನಾನು ಪಾದ್ರಿಯ ಹಾಗೆ ಮಾತಾಡಿದೆ.”

ಸಂಜೆ ಕಾರು ಹೊರಟಿತು. ಶೇಖರಣ್ಣನಿಗೆ ಮತ್ರಾದ ಹಳೆಯ ಪೇಟೆಯಾದ ಸೂಕ್‌ನಲ್ಲಿ ಮದುಮಗಳಿಗೊಂದು ಬೆಳ್ಳಿಯ ಕುಂಕುಮದ ಭರಣಿ ಆರಿಸಬೇಕಿತ್ತು. “ನೀವು ಬಂದರೆ ಒಳ್ಳೆದು ಅಕ್ಕ, ನನಗೆ ಹೆಂಗಸರ ಸಾಮಾನು ಗೊತ್ತಾಗುದಿಲ್ಲ” ಎಂದು ನನ್ನನ್ನೂ ಕರೆದುಕೊಂಡರು. ದಾರಿಯುದ್ದಕ್ಕೂ ಮದುವೆಯ ಊಟದ ವರ್ಣನೆ. ಕೋಳಿಸಾರಿನ ಕೋರಿ ರೊಟ್ಟಿ ಮದುವೆಯ ಮರುದಿನ, ಮದುವೆಗೆ ಸಸ್ಯಾಹಾರ. ನಾನು ಹೂಂ ಹೂಂ ಎನ್ನುತ್ತ ಕನ್ನಡದಲ್ಲಿ ಪದ ಹುಡುಕುತ್ತಿದ್ದೆ. ತೆಗೆದುಹಾಕಿದ್ದಾರೆ. ಕಸ ತೆಗೆದಂತಾಯಿತು. ಕೆಲಸ ಹೋಯಿತು. ತಾನಾಗಿ ಎದ್ದು ಹೋಯಿತೇ? ವಜಾ ಮಾಡಿದ್ದಾರೆ. ಪೇಪರಿನ ಮಾತು. ಕೈಪಿಡಿ ಬರೆದು ಹೊಟ್ಟೆ ಹೊರೆಯುವವಳಿಗೆ ಒಂದು ಪದ ಸಿಗಲಿಲ್ಲ. ಕಡಲ ದಂಡೆಯ ರಸ್ತೆ ಬಂತು, ಬಂದರಿನಲ್ಲಿ ನಿಂತ ಹಡಗುಗಳು ಕಂಡವು, ಮುಂದಿನ ತಿರುವಿನಲ್ಲಿ ಸೂಕ್.

“ಶೇಖರಣ್ಣ, ಸ್ವಲ್ಪ ಗಾಡಿ ನಿಲ್ಲಿಸ್ತೀರಾ?”

“ಎಂತ ಆಯ್ತು? ತಲೆ ತಿರುಗ್ತದಾ?”

ಅವರು ದಂಡೆಯ ಕಟ್ಟೆಗೆ ಒತ್ತಿ ಕಾರು ನಿಲ್ಲಿಸಿದರು. ನಾನು ಹಡಗುಗಳನ್ನೇ ನೋಡುತ್ತ ಹೇಳಿದೆ. “ಮದುವೆಗೆ ರಜೆ ಸಿಕ್ಕಿದೆ. ಅದು ನಿಜ. ಶ್ರಾವ್ಯನ ಪರೀಕ್ಷೆ ಮುಗಿಯೋವರೆಗೂ ಏನೂ ತೊಂದರೆ ಇಲ್ಲ. ಅದೂ ನಿಜ. ಆದ್ರೆ ಸಾಹೇಬರು ಮಧ್ಯಾಹ್ನ ಹೇಳಿದ್ದು ರಜೆ ವಿಷಯ ಅಲ್ಲ ಶೇಖರಣ್ಣ. ಮಾರ್ಚ್ ಆದ್ಮೇಲೆ… ಕೆಲಸ ಇಲ್ಲ.”

ಇಂಜಿನ್ ನಡೆಯುತ್ತಲೇ ಇತ್ತು. ಅವರು ಕೈ ಚಾಚಿ ಅದನ್ನು ಆರಿಸಿದರು. ಕಟ್ಟೆಯ ಮೇಲೆ ಬೆಳ್ಳಕ್ಕಿಗಳ ಹಾಗೆ ಕೂತಿದ್ದ ಕಡಲಹಕ್ಕಿಗಳು ಒಟ್ಟಿಗೆ ಎದ್ದು ಮತ್ತೆ ಅಲ್ಲೇ ಕೂತವು.

“ಲೆಟ್ ಯು ಗೋ ಅಂದದ್ದು…”

“ಹೌದು.”

“ನಾನು ಥ್ಯಾಂಕ್ಯೂ ಹೇಳಿದೆ ಅಲ್ವಾ?” ಅವರು ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. “ಇಡೀ ಆಫೀಸಿಗೆ ಹಲ್ವ ಹಂಚಿದೆ.” ಫೋನು ತೆಗೆದು ಮತ್ತೆ ಜೇಬಿಗಿಟ್ಟು, “ರೋಹಿಣಿಗೆ ಹೇಳ್ಬೇಕು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಪರೀಕ್ಷೆವರೆಗೆ ಉಂಟು ಅಂದ್ರಲ್ಲ, ಅದು ಗ್ಯಾರಂಟಿಯಾ?”

“ಗ್ಯಾರಂಟಿ.”

ಅಷ್ಟರವರೆಗೆ ತಡೆದುಕೊಂಡಿದ್ದೆ. ಆ ಒಂದು ಪದ ಹೇಳುವಾಗ ನನ್ನ ದನಿ ಒಡೆಯಿತು, ಕಣ್ಣಿಂದ ನೀರು ಸುರಿಯಿತು. ನೌಕರಿ ಹೋದವರು ಅವರು, ಮೂಗು ಸೀಟುತ್ತ ಅಳುತ್ತಿದ್ದವಳು ನಾನು. ನನ್ನ ಮನೆಯ ಹಿಟ್ಟು, ರೊಟ್ಟಿ, ಗುರುವಾರಗಳ ಹೆದರಿಕೆ ಎಲ್ಲ ಅದರಲ್ಲಿ ಸೇರಿತ್ತು.

ಶೇಖರಣ್ಣ ಡ್ಯಾಶ್‌ಬೋರ್ಡಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಅವರ ಕಣ್ಣೂ ಕೆಂಪಾಗಿತ್ತು. ಆದರೆ ಮನೆಯಲ್ಲಿ ಸಣ್ಣವರು ಅತ್ತಾಗ ದೊಡ್ಡವರು ಆಡುವ ದನಿಯಲ್ಲಿ, ಯಾವುದೇ ಯೋಚನೆಯಿಲ್ಲದೆ, ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳುವಂತೆ ಹೇಳಿದರು:

“ಹೋಗ್ಲಿ ಬಿಡಿ ಅಕ್ಕ.”

ಸಾಹೇಬರ ಲೆಟ್ ಮತ್ತು ಗೋ, ಅವೇ ಎರಡು ಪದಗಳು, ಹಿಂದುಮುಂದಾಗಿ ಕೂತಿದ್ದವು.

ಅವರು ಹಿಂದಿನ ಸೀಟಿಗೆ ಕೈಹಾಕಿ ಹಲ್ವದ ಡಬ್ಬಿ ತೆಗೆದರು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಇಬ್ಬರೂ ಒಂದೇ ಪ್ಲಾಸ್ಟಿಕ್ ಚಮಚದಿಂದ ಕೆರೆದು ತಿಂದೆವು. ಆಮೇಲೆ ಕಾರು ಲಾಕ್ ಮಾಡಿ, ಅಂಗಡಿ ಮುಚ್ಚುವ ಮೊದಲು ಭರಣಿ ಆರಿಸಲು ಸೂಕ್‌ನ ಒಳಗೆ ನಡೆದೆವು.